ಮಗುವಿನ ಜೊತೆ ಅಡುಗೆಮನೆಯಲ್ಲೇ ಹಿಮದ ಹರಳು ಮಾಡೋದು ಹೇಗೆ? ಬೊರಾಕ್ಸ್ ಇಲ್ಲದೆ ಆಗುತ್ತಾ?

ಮೈಸೂರು_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಎರಡನೇ ಕ್ಲಾಸು. ಚಳಿಗಾಲ ಅನ್ನೋ ವಿಷಯ ಇಟ್ಟುಕೊಂಡು ಮನೆಯಲ್ಲಿ ಏನಾದರೂ ಮಾಡಿಸಿ ಕಳಿಸಿ ಅಂತ ಶಾಲೆಯಲ್ಲಿ ಹೇಳಿದ್ದಾರೆ. ಹೋದ ವರ್ಷವೂ ಇದೇ ಇತ್ತು. ಆಗ ಎಲ್ಲರೂ ಹತ್ತಿ ಅಂಟಿಸಿದ ಹಿಮದ ಗೊಂಬೆ, ಥರ್ಮಾಕೋಲ್ ಮನೆ ಇಂಥದ್ದನ್ನೇ ತಂದಿದ್ದರು, ಅದರಲ್ಲಿ ಮುಕ್ಕಾಲು ಪಾಲು ಕೆಲಸ ಅಪ್ಪ ಅಮ್ಮಂದಿರದ್ದೇ ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ಈ ಸಲ ಅವಳೇ ಕೈಯಾರೆ ಮಾಡಬೇಕು, ಮಾಡುತ್ತಾ ಏನೋ ಒಂದನ್ನು ತಾನೇ ಕಣ್ಣಾರೆ ಕಂಡು ತಿಳಿದುಕೊಳ್ಳಬೇಕು ಅನ್ನೋದು ನನ್ನ ಆಸೆ.

ಯೂಟ್ಯೂಬ್‌ನಲ್ಲಿ ಸ್ನೋಫ್ಲೇಕ್ ಮಾಡೋ ವಿಡಿಯೋಗಳು ಬೇಕಾದಷ್ಟಿವೆ. ತಂತಿಯನ್ನು ನಕ್ಷತ್ರದ ಹಾಗೆ ಬಗ್ಗಿಸಿ, ಬಿಸಿನೀರಿನಲ್ಲಿ ಬೊರಾಕ್ಸ್ ಪುಡಿ ಕರಗಿಸಿ ಅದರೊಳಗೆ ಇಳಿಬಿಡುತ್ತಾರೆ, ಬೆಳಗಾಗುವ ಹೊತ್ತಿಗೆ ಮೈತುಂಬ ಫಳಫಳ ಅನ್ನುವ ಹರಳು. ನೋಡಿದ್ದೇ ತಡ ಮಗಳು ಇದೇ ಬೇಕು ಅಂತ ಹಟ ಹಿಡಿದಿದ್ದಾಳೆ. ಆದರೆ ಬೊರಾಕ್ಸ್ ಅಂದರೆ ನಮ್ಮ ಬಿಳಿಗಾರ ತಾನೆ? ಅದನ್ನು ಮಕ್ಕಳ ಕೈಗೆ ಕೊಡಬಹುದಾ? ಅದರ ಬದಲು ಮನೆಯಲ್ಲೇ ಇರುವ ಉಪ್ಪು, ಸಕ್ಕರೆಯಲ್ಲಿ ಆಗಲ್ವಾ? ಇನ್ನೊಂದು, ಅವಳು ಕೇಳುತ್ತಿರುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ: ಹಿಮದ ಹರಳಿಗೆ ಯಾವಾಗಲೂ ಆರೇ ಕೈ ಯಾಕೆ, ಐದು ಯಾಕಿಲ್ಲ? ತಿಳಿದವರು ದಯವಿಟ್ಟು ಹೇಳಿ. ಶಾಲೆಗೆ ಕೊಡೋಕೆ ಇನ್ನೂ ಸಮಯ ಇದೆ, ಅವಸರ ಇಲ್ಲ.

---

ರಸಾಯನ_ಮೇಷ್ಟ್ರು

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದವನು, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗಬಹುದು.

ಹೌದು, ಬೊರಾಕ್ಸ್ ಅಂದರೆ ಬಿಳಿಗಾರವೇ. ಅಕ್ಕಸಾಲಿಗರು ಬೆಸುಗೆ ಹಾಕುವಾಗ ಬಳಸುತ್ತಾರಲ್ಲ, ಅದು. ಅಮೆರಿಕದಲ್ಲಿ ಬಟ್ಟೆ ಒಗೆಯೋ ಸೋಪಿನ ಜೊತೆ ಹಾಕುವ ಪುಡಿ ಅಂತ ಅಂಗಡಿಯಲ್ಲೇ ಸಿಗುತ್ತದೆ, ಅದಕ್ಕೇ ಅಲ್ಲಿನ ವಿಡಿಯೋಗಳಲ್ಲೆಲ್ಲ ಅದೇ. ಯುರೋಪಿನಲ್ಲಿ ಅದನ್ನು ಸಂತಾನಶಕ್ತಿಗೆ ತೊಂದರೆ ಮಾಡಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಒಂದು ಸಲ ಮುಟ್ಟಿದರೆ ಏನೂ ಆಗಿಬಿಡುವುದಿಲ್ಲ, ನಿಜ. ಆದರೆ ಏಳು ವರ್ಷದ ಮಗು ಕೈಯನ್ನು ಬಾಯಿಗೆ ಇಡದೆ ಇರುತ್ತದೆಯೇ? ಅಡುಗೆಮನೆಯಲ್ಲಿ ಮಾಡುವ ಕೆಲಸಕ್ಕೆ ಅದು ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ನಿಮಗೆ ಬೇಕಾದದ್ದು ಪಟಿಕ. ಗ್ರಂಧಿಗೆ ಅಂಗಡಿಯಲ್ಲಿ ಕೇಳಿ, ಕೊಡುತ್ತಾರೆ. ಕ್ಷೌರದ ಅಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುವುದು ಇದನ್ನೇ. ಕೊಳ್ಳುವಾಗ ನೋಡಿ ಕೊಳ್ಳಿ: ಗಾಜಿನ ಹಾಗೆ ಆಚೆ ಬದಿ ಕಾಣುವ ಗಟ್ಟಿ ಆಗಬೇಕು. ನೀರು ತಿಳಿಗೊಳಿಸಲು ಮಾರುವ ಮಬ್ಬು ಬಿಳಿಯ ಚಪ್ಪಟೆ ಹೆಂಟೆಗಳಲ್ಲಿ ಹೆಚ್ಚಿನವು ಬೇರೆ ವಸ್ತು, ಅದರಿಂದ ಚೆಂದದ ಹರಳು ಬರುವುದಿಲ್ಲ.

ಉಪ್ಪಿನಲ್ಲಿ ಯಾಕೆ ಆಗುವುದಿಲ್ಲ ಅನ್ನುವುದನ್ನು ಮಗುವಿಗೆ ಹೇಳಿಕೊಡಿ, ಇಡೀ ಪ್ರಯೋಗದ ಗುಟ್ಟು ಅಲ್ಲೇ ಇದೆ. 100 ಮಿ.ಲೀ. ತಣ್ಣೀರಿನಲ್ಲಿ ಸುಮಾರು 36 ಗ್ರಾಂ ಅಡುಗೆ ಉಪ್ಪು ಕರಗುತ್ತದೆ. ಅದೇ ನೀರು ಕುದಿಯುವಾಗಲೂ ಕರಗುವುದು 39 ಗ್ರಾಂ ಅಷ್ಟೆ. ಅಂದರೆ ಬಿಸಿ ಮಾಡಿ ಆರಿಸಿದರೆ ಹೊರಗೆ ಬರಬೇಕಾದ ಉಪ್ಪು ಚಿಟಿಕೆಯಷ್ಟು. ಪಟಿಕ ಹಾಗಲ್ಲ. 20 ಡಿಗ್ರಿಯಲ್ಲಿ 100 ಮಿ.ಲೀ. ನೀರು 14 ಗ್ರಾಂ ಪಟಿಕವನ್ನು ಮಾತ್ರ ಹಿಡಿದುಕೊಳ್ಳುತ್ತದೆ, 50 ಡಿಗ್ರಿಗೆ ಹೋದರೆ 37 ಗ್ರಾಂವರೆಗೆ. ಬಿಸಿಯಾಗಿದ್ದಾಗ ತುಂಬಿಸಿ, ಆರಲು ಬಿಟ್ಟರೆ ಆ ವ್ಯತ್ಯಾಸ ಎಲ್ಲಿಗೆ ಹೋಗಬೇಕು? ಹರಳಾಗಿ ಹೊರಗೆ ಬರಲೇಬೇಕು. ಕೂರಲು ಒಂದು ಒರಟು ಜಾಗ ಕೊಟ್ಟರೆ ಅಲ್ಲೇ ಬಂದು ಕೂರುತ್ತದೆ.

ಸಕ್ಕರೆಯಲ್ಲೂ ಆಗುತ್ತದೆ, ಕಲ್ಲುಸಕ್ಕರೆ ಮಾಡುವುದೇ ಹಾಗೆ. ಆದರೆ ತುಂಬಾ ನಿಧಾನ, ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಇರುವೆ ಬಂದಿರುತ್ತವೆ.

ಈಗ ಮಾಡುವ ಬಗೆ. ತೆಂಗಿನ ಕಡ್ಡಿ ಪೊರಕೆಯಿಂದ ಮೂರು ಒಳ್ಳೆಯ ಕಡ್ಡಿ ತೆಗೆದು ತೊಳೆದು ಒಣಗಿಸಿ, ಬೆರಳುದ್ದಕ್ಕೆ ಕತ್ತರಿಸಿಕೊಳ್ಳಿ. ಕಾಗದದ ಮೇಲೆ ಒಂದು ಗಡಿಯಾರ ಬರೆದು ಮೊದಲನೆಯದನ್ನು 12ರಿಂದ 6ಕ್ಕೆ, ಎರಡನೆಯದನ್ನು 2ರಿಂದ 8ಕ್ಕೆ, ಮೂರನೆಯದನ್ನು 4ರಿಂದ 10ಕ್ಕೆ ಇಡಲು ಮಗುವಿಗೆ ಹೇಳಿ. ಸರಿಯಾಗಿ ಆರು ಕೈ ಬರುತ್ತದೆ. ನಡುವೆ ಉಲ್ಲನ್ ದಾರದಿಂದ ಬಿಗಿಯಾಗಿ ಕಟ್ಟಿ, ಅದೇ ದಾರವನ್ನು ಪ್ರತಿ ಕೈಗೂ ತುದಿಯವರೆಗೆ ಸುತ್ತಲಿ. ಇದು ಪೂರ್ತಿ ಅವಳದ್ದೇ ಕೆಲಸ, ನೀವು ಕೈ ಹಾಕಬೇಡಿ, ಸ್ವಲ್ಪ ಸೊಟ್ಟಗಾದರೂ ಪರವಾಗಿಲ್ಲ. ಉಲ್ಲನ್ ಯಾಕೆ ಅಂದರೆ ಅದರ ಎಳೆಗಳಿಗೆ ಹರಳು ಕಚ್ಚಿಕೊಳ್ಳುತ್ತದೆ, ನುಣುಪಾದ ಕಡ್ಡಿಗೆ ಅಷ್ಟು ಬೇಗ ಹಿಡಿಯುವುದಿಲ್ಲ. ಕಬ್ಬಿಣದ ತಂತಿ ಬಳಸಬೇಡಿ, ಪಟಿಕದ ನೀರು ಹುಳಿ, ತುಕ್ಕು ಹಿಡಿದು ಹರಳೆಲ್ಲ ಹಳದಿಯಾಗುತ್ತದೆ.

ಪಟಿಕವನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಿ ಪುಡಿ ಮಾಡಿ. 250 ಮಿ.ಲೀ. ನೀರಿಗೆ 80 ಗ್ರಾಂ ಸಾಕು. ಸ್ಟೀಲ್ ಪಾತ್ರೆಯಲ್ಲಿ ನೀರು ಬಿಸಿ ಮಾಡಿ, ಅಲ್ಯುಮಿನಿಯಂ ಪಾತ್ರೆ ಬೇಡ. ಒಲೆಯ ಹತ್ತಿರದ ಕೆಲಸ ನಿಮ್ಮದು. ಪುಡಿ ಹಾಕಿ, ನೀರು ತಿಳಿಯಾಗುವವರೆಗೆ ಕದಡಿ. ಒಲೆ ಆರಿಸಿ ಒಂದೆರಡು ಚಮಚ ಈ ನೀರನ್ನು ತಟ್ಟೆಗೆ ತೆಗೆದು ನಕ್ಷತ್ರವನ್ನು ಅದರಲ್ಲಿ ಅದ್ದಿ ಗಾಳಿಯಲ್ಲಿ ಪೂರ್ತಿ ಒಣಗಲು ಬಿಡಿ. ಒಣಗಿದಾಗ ದಾರದ ಮೇಲೆ ಹಿಟ್ಟು ಚಿಮುಕಿಸಿದಷ್ಟು ಸಣ್ಣ ಹರಳು ಕೂತಿರುತ್ತದೆ. ದೊಡ್ಡ ಹರಳು ಬೆಳೆಯಲು ಅದೇ ಬೀಜ.

ಆಮೇಲೆ ಉಳಿದ ನೀರನ್ನು ಮತ್ತೆ ಬಿಸಿ ಮಾಡಿ ಎಲ್ಲ ಕರಗಿದ ಮೇಲೆ ಅಗಲ ಬಾಯಿಯ ಗಾಜಿನ ಬಾಟಲಿಗೆ ಹಾಕಿ. ಗಾಜನ್ನು ಮೊದಲು ಬೆಚ್ಚಗಿನ ನೀರಿನಲ್ಲಿ ತೊಳೆದಿರಿ, ಇಲ್ಲದಿದ್ದರೆ ಸೀಳು ಬಿಡುತ್ತದೆ. ನೀರು ಉಗುರು ಬೆಚ್ಚಗಾಗುವವರೆಗೆ ಕಾದು ನಕ್ಷತ್ರವನ್ನು ಇಳಿಬಿಡಿ. ಸುಡುವ ನೀರಿಗೆ ಇಳಿಸಿದರೆ ಬೀಜವೇ ಕರಗಿ ಹೋಗುತ್ತದೆ, ತಡ ಮಾಡಿದರೆ ಹರಳೆಲ್ಲ ತಳದಲ್ಲಿ ಕಟ್ಟಿಬಿಡುತ್ತದೆ. ಬಾಯಿಗೆ ಅಡ್ಡ ಒಂದು ಪೆನ್ಸಿಲ್ ಇಟ್ಟು ಅದಕ್ಕೆ ದಾರ ಕಟ್ಟಿ. ತಳಕ್ಕೂ ಗೋಡೆಗೂ ತಾಗಬಾರದು. ಬಾಟಲಿಗೆ ಟವೆಲ್ ಸುತ್ತಿ ಯಾರೂ ಅಲುಗಾಡಿಸದ ಕಡೆ ರಾತ್ರಿಯಿಡೀ ಬಿಡಿ. ಬೇಗ ಆಗಲಿ ಅಂತ ಫ್ರಿಜ್ಜಿಗೆ ಇಡಬೇಡಿ. ಬೇಗ ತಣಿದರೆ ಪುಡಿಪುಡಿ, ನಿಧಾನವಾಗಿ ತಣಿದರೆ ಕಾಳುಮೆಣಸಿನಷ್ಟು ದೊಡ್ಡ ಹರಳು. ಬೆಣ್ಣೆ ಕಾಯಿಸಿದ ತುಪ್ಪವನ್ನು ನಿಧಾನವಾಗಿ ಆರಲು ಬಿಟ್ಟರೆ ಮರಳು ಮರಳಾಗಿ ಬರುವುದೂ ಇದೇ ಕಾರಣಕ್ಕೆ.

ಒಂದು ಮಾತು ತಪ್ಪದೆ ನೆನಪಿಡಿ. ಇದು ನೋಡಲು ಥೇಟ್ ಕಲ್ಲುಸಕ್ಕರೆ. ಪಟಿಕ ವಿಷವಲ್ಲ, ಬಾಯಿಗಿಟ್ಟರೆ ಒಗರು ಅಷ್ಟೆ, ಆದರೂ ತಿನ್ನುವ ವಸ್ತು ಅಲ್ಲ. ಮನೆಯಲ್ಲಿ ಇನ್ನೂ ಚಿಕ್ಕ ಮಕ್ಕಳಿದ್ದರೆ ಎತ್ತರದಲ್ಲಿಡಿ.

---

ಕಡಲತೀರ

ಮೇಷ್ಟ್ರು ಹೇಳಿದ್ದು ತುಂಬಾ ಚೆನ್ನಾಗಿದೆ. ಆದರೆ ರಾತ್ರಿಯಿಡೀ ಕಾಯೋ ತಾಳ್ಮೆ ಇಲ್ಲದ ಮಕ್ಕಳಿಗೆ ಇನ್ನೊಂದು ಇದೆ ಮಾರಾಯ್ರೆ, ಕಾಲು ಗಂಟೆಯಲ್ಲಿ ಕಣ್ಣೆದುರೇ ಹಿಮ ಕಟ್ಟುತ್ತದೆ. ನಾವು ಮಂಗಳೂರಲ್ಲಿ ಮಕ್ಕಳಿಗೆ ಇದನ್ನೇ ಮಾಡಿ ತೋರಿಸುವುದು.

ಒಂದು ಸ್ಟೀಲ್ ಲೋಟದ ಹೊರಮೈಯನ್ನು ಚೆನ್ನಾಗಿ ಒರೆಸಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಲ್ಲಿ ಕುಟ್ಟಿ ಪುಡಿ ಮಾಡಿ ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪು ಹಾಕಿ ಲೋಟಕ್ಕೆ ತುಂಬಿ, ಚಮಚದಲ್ಲಿ ಕಲಸುತ್ತಾ ಇರಿ. ಕಲ್ಲುಪ್ಪು ಆದರೆ ಸ್ವಲ್ಪ ಜಜ್ಜಿ ಹಾಕಿ. ಮೊದಲು ಲೋಟದ ಹೊರಗೆ ನೀರಿನ ಹನಿ ಕೂರುತ್ತದೆ, ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ ಅಲ್ವಾ, ಅದಕ್ಕೆ ಹನಿ ಧಾರಾಳ. ಅದನ್ನು ಒಂದು ಸಲ ಒರೆಸಿಬಿಡಿ. ಆಮೇಲೆ ನೋಡಿ, ತಳದ ಕಡೆಯಿಂದ ಮೇಲಕ್ಕೆ ಬೆಳ್ಳಗೆ ಹಬ್ಬಿಕೊಂಡು ಬರುತ್ತದೆ, ಫ್ರೀಜರಿನ ಗೋಡೆಯಲ್ಲಿ ಕಟ್ಟಿರುತ್ತದಲ್ಲ, ಅಂಥದ್ದು. ಭೂತಗನ್ನಡಿ ಹಿಡಿದರೆ ಸಣ್ಣ ಸಣ್ಣ ಮುಳ್ಳುಗಳು ನಿಂತಿರುವುದು ಕಾಣುತ್ತದೆ. ಆ ಬಿಳಿಯ ಮೇಲೆ ಕಡ್ಡಿಯಿಂದ ಗೀಚಿ ಮಕ್ಕಳು ನಕ್ಷತ್ರ ಬರೆಯಬಹುದು.

ಮಕ್ಕಳು ಕೇಳುವ ಪ್ರಶ್ನೆ: ಲೋಟದಲ್ಲಿ ತೂತಿಲ್ಲ, ಹೊರಗೆ ನೀರು ಎಲ್ಲಿಂದ ಬಂತು? ಉತ್ತರ ಗಾಳಿಯಿಂದ. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಿನ ಆವಿ ಇರುತ್ತದೆ, ಅದು ಲೋಟದ ಮೈಗೆ ತಾಗಿ ಮೊದಲು ಹನಿಯಾಗುತ್ತದೆ, ಲೋಟ ಇನ್ನೂ ತಣ್ಣಗಾದ ಮೇಲೆ ಹನಿಯಾಗದೆ ನೇರವಾಗಿ ಐಸೇ ಆಗುತ್ತದೆ. ಮೋಡದಲ್ಲಿ ಹಿಮದ ಹರಳು ಬೆಳೆಯುವುದೂ ಹೀಗೆಯೇ, ಆವಿಯಿಂದ. ಈ ಲೆಕ್ಕದಲ್ಲಿ ಪಟಿಕದ ನಕ್ಷತ್ರಕ್ಕಿಂತ ಇದೇ ನಿಜವಾದ ಹಿಮಕ್ಕೆ ಹತ್ತಿರ ಅಂತ ನನ್ನ ಅಭಿಪ್ರಾಯ.

ಉಪ್ಪು ಯಾಕೆ ಅಂದರೆ, ಬರೀ ಐಸ್ ಕರಗುತ್ತಾ 0 ಡಿಗ್ರಿಯಲ್ಲೇ ನಿಲ್ಲುತ್ತದೆ. ಉಪ್ಪು ಬಿದ್ದರೆ ಆ ನೀರು 0 ಡಿಗ್ರಿಯಲ್ಲಿ ಗಟ್ಟಿಯಾಗಲು ಒಪ್ಪುವುದಿಲ್ಲ. ಐಸ್ ಇನ್ನೂ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿನಿಂದ ಎಳೆದುಕೊಳ್ಳುತ್ತದೆ. ಹಾಗೆ ಇಳಿಯುತ್ತಾ ಇಳಿಯುತ್ತಾ ಹೆಚ್ಚೆಂದರೆ ಮೈನಸ್ 21 ಡಿಗ್ರಿವರೆಗೆ ಹೋಗಬಹುದು. ಮನೆಯಲ್ಲಿ ಅಷ್ಟು ಹೋಗುವುದಿಲ್ಲ, ಮೈನಸ್ ಹತ್ತು ಬಂದರೂ ನಮಗೆ ಧಾರಾಳ. ಕುಲ್ಫಿ ಗಾಡಿಯವರು ಅಚ್ಚುಗಳ ಸುತ್ತ ಐಸು, ಉಪ್ಪು ತುಂಬುವುದೂ ಇದಕ್ಕೇ. ಲೋಟವನ್ನು ಒದ್ದೆ ಕಾಗದದ ಮೇಲೆ ಇಟ್ಟು ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡಿ, ಕಾಗದ ತಳಕ್ಕೆ ಅಂಟಿಕೊಂಡು ಮೇಲೆ ಬರುತ್ತದೆ. ಮಕ್ಕಳ ಮುಖ ನೋಡಬೇಕು ಆಗ!

ಹುಷಾರು, ಒಳಗಿನ ಐಸನ್ನಾಗಲಿ ಬೆಳ್ಳಗಾದ ಲೋಟವನ್ನಾಗಲಿ ಒದ್ದೆ ಕೈಯಲ್ಲಿ ಹಿಡಿದು ನಿಲ್ಲಬಾರದು, ಚರ್ಮ ಸುಟ್ಟ ಹಾಗಾಗುತ್ತದೆ. ಲೋಟ ಎತ್ತುವಾಗ ಬಟ್ಟೆ ಹಿಡಿಯಿರಿ. ಕಷ್ಟ ಅಂದರೆ ಇದನ್ನು ಶಾಲೆಗೆ ತೆಗೆದುಕೊಂಡು ಹೋಗಲು ಆಗುವುದಿಲ್ಲ. ಐಸೂ ಉಪ್ಪೂ ಬೇರೆ ಬೇರೆ ಕಳಿಸಿ ಅಲ್ಲೇ ಮಾಡಿಸಬೇಕು, ಟೀಚರ್ ಒಪ್ಪಿದರೆ.

---

ಮಿನೆಸೋಟಾ_ಕನ್ನಡತಿ

ಇಲ್ಲಿ ಚಳಿಗಾಲ ಬಂತೆಂದರೆ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಬೊರಾಕ್ಸ್ ನಕ್ಷತ್ರ ಮಾಡುತ್ತಾರೆ, ನಾವೂ ಮಾಡಿದ್ದೇವೆ. ಹರಳು ಬೇಗ ಬರುತ್ತದೆ, ಗಟ್ಟಿಯೂ ಇರುತ್ತದೆ. ದೊಡ್ಡವರು ಜೊತೆಗಿದ್ದು ಕೈ ತೊಳೆಸಿದರೆ ಅಷ್ಟು ಹೆದರಬೇಕಾಗಿಲ್ಲ ಅಂತ ನನಗನಿಸುತ್ತದೆ. ಮೇಷ್ಟ್ರು ಏನಂತೀರಿ?

ಆರು ಕೈ ಯಾಕೆ ಅನ್ನುವುದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ. ನೀರಿನ ಅಣುಗಳು ಗಟ್ಟಿಯಾಗುವಾಗ ಬೇಕಾಬಿಟ್ಟಿಯಾಗಿ ಸೇರುವುದಿಲ್ಲ. ಪ್ರತಿ ಅಣುವೂ ನಾಲ್ಕು ಅಣುಗಳ ಕೈ ಹಿಡಿಯುತ್ತದೆ, ಹಾಗೆ ಹಿಡಿಯುತ್ತಾ ಹೋದಾಗ ಆರಾರು ಅಣುಗಳ ಬಳೆಗಳು ಆಗುತ್ತವೆ. ಆದ್ದರಿಂದ ಹರಳು ಮೊದಲು ಆರು ಮೂಲೆಯ ಪುಟ್ಟ ಬಿಲ್ಲೆ. ಆ ಮೂಲೆಗಳು ಸುತ್ತಲಿನ ಆವಿಗೆ ಹೆಚ್ಚು ಚಾಚಿಕೊಂಡಿರುತ್ತವೆ, ಹಾಗಾಗಿ ಅಲ್ಲೇ ಬೇಗ ಬೆಳೆದು ಆರು ಕೈಗಳಾಗುತ್ತವೆ. ಆರೂ ಕೈಗಳು ಒಂದೇ ಚಳಿಯಲ್ಲಿ, ಒಂದೇ ಗಾಳಿಯಲ್ಲಿ ಬೆಳೆಯುವುದರಿಂದ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.

ಎಲ್ಲ ಹಿಮವೂ ನಕ್ಷತ್ರ ಅಲ್ಲ, ಇದನ್ನೂ ಮಗಳಿಗೆ ಹೇಳಿ. ಮೋಡದಲ್ಲಿ ಮೈನಸ್ 15 ಡಿಗ್ರಿ ಆಸುಪಾಸು ಇದ್ದರೆ ಕವಲೊಡೆದ ಚೆಂದದ ನಕ್ಷತ್ರಗಳು, ಮೈನಸ್ 5ರ ಹತ್ತಿರ ಸೂಜಿಯಂಥವು. ಇದನ್ನೆಲ್ಲ ಪ್ರಯೋಗಾಲಯದಲ್ಲಿ ಮೊದಲು ಬಿಡಿಸಿ ನೋಡಿದವರು ಜಪಾನಿನ ಉಕಿಚಿರೊ ನಕಾಯಾ. ಹೊಕ್ಕೈಡೊದಲ್ಲಿ 1936ರಲ್ಲಿ ಅವರು ಮೊಲದ ಕೂದಲಿನ ತುದಿಯಲ್ಲಿ ಹಿಮದ ಹರಳು ಬೆಳೆಸಿದರು. ಹರಳಿಗೆ ಹಿಡಿದುಕೊಳ್ಳಲು ಒಂದು ಎಳೆ ಬೇಕು ಅನ್ನುವುದು ಅಲ್ಲೂ ಇದೆ ನೋಡಿ, ಮೇಷ್ಟ್ರು ಹೇಳಿದ ಉಲ್ಲನ್ ದಾರ ಓದಿದಾಗ ನನಗೆ ನೆನಪಾಗಿದ್ದು ಅದೇ.

ಇಲ್ಲಿ ನಾವು ಮಾಡುವುದು ತುಂಬಾ ಸುಲಭ. ಕಪ್ಪು ಬಟ್ಟೆ ಸುತ್ತಿದ ರಟ್ಟನ್ನು ಮೊದಲೇ ಹೊರಗೆ ಚಳಿಯಲ್ಲಿ ಇಟ್ಟಿರಬೇಕು, ಇಲ್ಲದಿದ್ದರೆ ಬಿದ್ದ ಹರಳು ಆ ಕ್ಷಣವೇ ಕರಗುತ್ತದೆ. ಹಿಮ ಬೀಳುವಾಗ ಅದರ ಮೇಲೆ ಹಿಡಿದು ಭೂತಗನ್ನಡಿಯಲ್ಲಿ ನೋಡುವುದು, ಉಸಿರು ತಾಗದ ಹಾಗೆ ಮುಖ ತಿರುಗಿಸಿಕೊಂಡು. ವರ್ಮಾಂಟ್ ರಾಜ್ಯದ ಜೆರಿಕೊ ಊರಿನ ರೈತ ವಿಲ್ಸನ್ ಬೆಂಟ್ಲಿ 1885ರ ಜನವರಿ 15ರಂದು ಒಂದೇ ಒಂದು ಹಿಮದ ಹರಳಿನ ಫೋಟೋ ತೆಗೆದ. ಆಮೇಲೆ ಜೀವನಪೂರ್ತಿ ಅದನ್ನೇ ಮಾಡಿದ, 5000ಕ್ಕೂ ಹೆಚ್ಚು ಫೋಟೋ. ಶಾಲೆಯಲ್ಲಿ ಮಾತಾಡಿಸಿದರೆ ಮಗಳು ಈ ಕಥೆಯನ್ನೂ ಹೇಳಬಹುದು, ಮಕ್ಕಳಿಗೆ ಇಷ್ಟವಾಗುತ್ತದೆ.

---

ರಸಾಯನ_ಮೇಷ್ಟ್ರು

@ಮಿನೆಸೋಟಾ_ಕನ್ನಡತಿ, ನಿಮ್ಮ ಮಾತು ತೆಗೆದುಹಾಕುವುದಿಲ್ಲ ತಾಯಿ. ಅಲ್ಲಿ ಅದು ಡಬ್ಬದಲ್ಲಿ, ಮೇಲೆ ಎಚ್ಚರಿಕೆ ಬರೆದು ಬರುತ್ತದೆ. ಇಲ್ಲಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಾರೆ, ಅಡುಗೆಮನೆಗೆ ಬಂದ ಮೇಲೆ ಯಾವುದು ಸೋಡಾ, ಯಾವುದು ಬಿಳಿಗಾರ ಅಂತ ಹೇಳುವುದು ಕಷ್ಟ. ಪಟಿಕದಲ್ಲೇ ಅಷ್ಟು ಚೆಂದ ಬರುವಾಗ ಆ ರಗಳೆ ಯಾಕೆ ಅಂತ ನನ್ನ ವಾದ. ಆರು ಕೈಯ ವಿವರಣೆ ಅಚ್ಚುಕಟ್ಟಾಗಿದೆ.

ಅದಕ್ಕೆ ಒಂದು ಸೇರಿಸುತ್ತೇನೆ. ನಾವು ಮಾಡುವ ನಕ್ಷತ್ರಕ್ಕೆ ಆರು ಕೈ ಬಂದಿದ್ದು ಕಡ್ಡಿಯಿಂದ, ಪಟಿಕದಿಂದ ಅಲ್ಲ. ಇದನ್ನು ಮಗುವಿಗೆ ನೇರವಾಗಿ ಹೇಳಿಬಿಡಿ. ಪಟಿಕದ ಒಂದು ಹರಳನ್ನು ಬಿಡಿಯಾಗಿ ತೆಗೆದು ನೋಡಿದರೆ ಎರಡು ಪಿರಮಿಡ್‌ಗಳನ್ನು ತಳಕ್ಕೆ ತಳ ಸೇರಿಸಿದ ಹಾಗಿರುತ್ತದೆ, ಎಂಟು ತ್ರಿಕೋನ ಮುಖ. ಉಪ್ಪಿನದು ಪುಟ್ಟ ಚೌಕದ ಡಬ್ಬಿ. ಕಪ್ಪು ಕಾಗದದ ಮೇಲೆ ದಪ್ಪ ಉಪ್ಪುನೀರನ್ನು ಬ್ರಷ್ಷಿನಲ್ಲಿ ಬಳಿದು ಬಿಸಿಲಿಗೆ ಇಟ್ಟರೆ ನೀರು ಆರಿ ಆ ಚೌಕಗಳು ಕಾಣುತ್ತವೆ. ಹಿಮ ಆರು, ಪಟಿಕ ಎಂಟು, ಉಪ್ಪು ಚೌಕ. ಮೂರನ್ನೂ ಭೂತಗನ್ನಡಿಯಲ್ಲಿ ಅಕ್ಕಪಕ್ಕ ನೋಡಿದರೆ, ಪ್ರತಿ ವಸ್ತುವಿಗೂ ಅದರದ್ದೇ ಆಕಾರ ಇದೆ ಅನ್ನುವುದು ಏಳು ವರ್ಷದ ಮಗುವಿಗೂ ತಿಳಿಯುತ್ತದೆ. ಹಿಮದ ಹರಳು ಎಲ್ಲಿಂದ ತರಲಿ ಅಂತೀರಾ, ಅದಕ್ಕೆ ಫೋಟೋ ಸಾಕು.

---

ಕಲ್ಪತರು_ನಾಡು

ತಿಪಟೂರಿನಿಂದ ಬರೆಯುತ್ತಿದ್ದೇನೆ. ಎಲ್ಲರೂ ಹಿಮದ ಬಗ್ಗೆ ಹೇಳುತ್ತಿದ್ದೀರಿ, ಸಂತೋಷ. ಆದರೆ ಚಳಿಗಾಲ ನಮ್ಮ ಮನೆಗೆ ಬಂದಿದೆ ಅಂತ ನಮಗೆ ಮೊದಲು ಗೊತ್ತಾಗುವುದು ಕೊಬ್ಬರಿ ಎಣ್ಣೆ ಬಾಟಲಿಯಿಂದ ಅಲ್ವಾ? ಬೆಳಿಗ್ಗೆ ತಲೆಗೆ ಹಚ್ಚಲು ಹೋದರೆ ಬೆಳ್ಳಗೆ ಗಟ್ಟಿ, ಬಿಸಿನೀರಿನಲ್ಲಿ ಇಡಬೇಕು. ಇದಕ್ಕಿಂತ ಒಳ್ಳೆಯ ಚಳಿಗಾಲದ ವಿಜ್ಞಾನ ಬೇರೆ ಬೇಕಾ?

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಹೆಚ್ಚು ಚಳಿ 1884ರ ಜನವರಿ 13ರ 7.8 ಡಿಗ್ರಿ. ಅಂದರೆ ಅಲ್ಲಿ ಬಯಲಲ್ಲಿಟ್ಟ ನೀರು ಗಟ್ಟಿಯಾಗುವ ಮಾತೇ ಇಲ್ಲ. ಕೊಬ್ಬರಿ ಎಣ್ಣೆಗೆ ಮಾತ್ರ 24 ಡಿಗ್ರಿಗಿಂತ ಕೆಳಗೆ ಇಳಿದರೆ ಸಾಕು. ಮೈಸೂರಲ್ಲೂ ಡಿಸೆಂಬರ್ ರಾತ್ರಿ ಅದಕ್ಕಿಂತ ಎಷ್ಟೋ ಕೆಳಗೇ ಇರುತ್ತದೆ. ನೀರಿಗೆ ಶಿಮ್ಲಾ ಬೇಕು, ಎಣ್ಣೆಗೆ ನಮ್ಮ ಕಿಟಕಿ ಕಟ್ಟೆಯೇ ಸಾಕು.

ಮಾಡುವುದು ಹೀಗೆ. ಕೊಬ್ಬರಿ ಎಣ್ಣೆಯನ್ನು ಪೂರ್ತಿ ಕರಗಿಸಿ ಎರಡು ಸಣ್ಣ ಗಾಜಿನ ಬಟ್ಟಲಿಗೆ ಹಾಕಿ. ಒಂದನ್ನು ಫ್ರೀಜರಿಗೆ, ಇನ್ನೊಂದನ್ನು ಸಂಜೆ ಕಿಟಕಿ ಹತ್ತಿರ. ಫ್ರೀಜರಿನದು ನುಣ್ಣಗೆ ಗಟ್ಟಿಯಾಗಿರುತ್ತದೆ, ಕಿಟಕಿಯದು ನಿಧಾನವಾಗಿ ಗಂಟು ಗಂಟಾಗಿ ಕಟ್ಟುತ್ತದೆ. ರಾತ್ರಿ ಮಲಗುವ ಮುಂಚೆ ಮಗುವನ್ನು ಕರೆದು ಟಾರ್ಚ್ ಬೆಳಕಿನಲ್ಲಿ ತೋರಿಸಿ. ತಿಳಿ ಎಣ್ಣೆಯೊಳಗೆ ಅಲ್ಲಲ್ಲಿ ಬಿಳಿ ಮೋಡ ಮೂಡಿ ಅಂಚಿನಿಂದ ನಡುವಿಗೆ ಹಬ್ಬುವುದು ಕಾಣಬಹುದು. ಮೇಷ್ಟ್ರು ಹೇಳಿದ ನಿಧಾನ, ಬೇಗದ ಲೆಕ್ಕ ಇಲ್ಲೂ ಅದೇ.

ಆಮೇಲೆ ಇನ್ನೊಂದು ಮಜಾ. ಗಟ್ಟಿ ಎಣ್ಣೆಯ ಒಂದು ತುಂಡನ್ನು ಕರಗಿದ ಎಣ್ಣೆಗೆ ಹಾಕಿ, ಮುಳುಗುತ್ತದೆ. ಐಸಿನ ತುಂಡನ್ನು ನೀರಿಗೆ ಹಾಕಿ, ತೇಲುತ್ತದೆ. ಎಣ್ಣೆ ಗಟ್ಟಿಯಾಗುವಾಗ ಕುಗ್ಗುತ್ತದೆ, ಬಟ್ಟಲಿನ ನಡುವೆ ತಗ್ಗು ಬೀಳುವುದೂ ಅದಕ್ಕೇ. ನೀರು ಗಟ್ಟಿಯಾಗುವಾಗ ಹಿಗ್ಗುತ್ತದೆ. ಮೇಲೆ ಹೇಳಿದರಲ್ಲ, ಆರಾರು ಅಣುಗಳ ಬಳೆ, ಆ ಬಳೆಯ ನಡುವೆ ಖಾಲಿ ಜಾಗ ಉಳಿಯುತ್ತದೆ. ಅದಕ್ಕೆ ಐಸ್ ಹಗುರ. ಚಳಿ ದೇಶದ ಕೆರೆಗಳಲ್ಲಿ ಮೇಲೆ ಐಸ್ ಕಟ್ಟಿದರೂ ಕೆಳಗೆ ಮೀನು ಬದುಕುವುದು ಇದರಿಂದಲೇ. ನಕ್ಷತ್ರಕ್ಕೆ ಆರು ಕೈ ಕೊಡುವುದೂ ಮೀನನ್ನು ಉಳಿಸುವುದೂ ಒಂದೇ ಕಾರಣ ಅಂತ ಗೊತ್ತಾದರೆ ಮಕ್ಕಳು ಸುಮ್ನೆ ಬಿಡುವುದಿಲ್ಲ, ಇನ್ನೂ ಹತ್ತು ಪ್ರಶ್ನೆ ಕೇಳುತ್ತಾರೆ. ಕೇಳಲಿ.

ಖರ್ಚು ಏನೂ ಇಲ್ಲ, ಎಣ್ಣೆ ಆಮೇಲೆ ತಲೆಗೇ ಹಚ್ಚಬಹುದು.

---

ಮೈಸೂರು_ಅಮ್ಮ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಇಷ್ಟು ಕಾಳಜಿಯಿಂದ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಪಟಿಕ ಸುಲಭವಾಗಿ ಸಿಕ್ಕಿತು. ಗಡಿಯಾರ ಬರೆದು ಕಡ್ಡಿ ಇಡುವ ಉಪಾಯ ಅವಳಿಗೆ ಎಷ್ಟು ಇಷ್ಟ ಆಯಿತು ಅಂದರೆ ಮನೆಯ ಪೊರಕೆ ಅರ್ಧ ಖಾಲಿ. ಬೆಳಿಗ್ಗೆ ಎದ್ದವಳೇ ಹಲ್ಲೂ ಉಜ್ಜದೆ ಬಾಟಲಿ ಹತ್ತಿರ ಓಡಿದಳು. ಹರಳು ಚೆನ್ನಾಗಿ ಬಂದಿದೆ, ಬೆಳಕಿಗೆ ಹಿಡಿದರೆ ತ್ರಿಕೋನ ಮುಖಗಳು ಒಂದೊಂದೂ ಬೇರೆ ಬೇರೆಯಾಗಿ ಮಿಂಚುತ್ತವೆ. ಒಂದನ್ನು ಬಿಡಿಸಿ ಎಂಟು ಮುಖ ಎಣಿಸಲು ಕೂತಿದ್ದಾಳೆ, ಏಳರವರೆಗೆ ಬಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ.

ಆದರೆ ಮೂರು ವಿಷಯ ಕೇಳಬೇಕಿತ್ತು ಮೇಷ್ಟ್ರೆ. ಕೆಳಗಿನ ಎರಡು ಕೈಗಳಿಗೆ ಹರಳು ಜಾಸ್ತಿ, ಮೇಲಿನವಕ್ಕೆ ಕಮ್ಮಿ, ಯಾಕೆ? ನೀಲಿ ಬಣ್ಣದ್ದು ಬೇಕಂತೆ, ನೀರಿಗೆ ಕೇಸರಿಬಾತಿಗೆ ಹಾಕುವಂಥ ಬಣ್ಣ ಹಾಕಬಹುದಾ? ಶಾಲೆಗೆ ಒಯ್ಯುವಾಗ ಉದುರದ ಹಾಗೆ ಏನು ಮಾಡಲಿ? ಕೊಬ್ಬರಿ ಎಣ್ಣೆಯ ಬಟ್ಟಲನ್ನು ಇವತ್ತು ಸಂಜೆ ಇಡುತ್ತೇವೆ, ಐಸ್ ಲೋಟ ಭಾನುವಾರಕ್ಕೆ.

---

ರಸಾಯನ_ಮೇಷ್ಟ್ರು

ಬಹಳ ಖುಷಿಯಾಯಿತು. ಎಂಟನೇ ಮುಖ ಸಿಗದಿದ್ದರೆ ದಾರಕ್ಕೆ ಕಚ್ಚಿಕೊಂಡಿದ್ದ ಬದಿ ನೋಡಲು ಹೇಳಿ, ಅಲ್ಲಿ ಬೆಳೆಯಲು ಜಾಗ ಇರಲಿಲ್ಲ, ಹಾಗಾಗಿ ಮುಖ ಮೂಡಿರುವುದಿಲ್ಲ. ಪೂರ್ತಿ ಎಂಟು ಬೇಕಾದರೆ ಒಂದು ಒಳ್ಳೆಯ ಹರಳನ್ನು ಸಣ್ಣ ನೂಲಿಗೆ ಕಟ್ಟಿ, ಪೂರ್ತಿ ತಣಿದ ಪಟಿಕದ ನೀರಿನಲ್ಲಿ ನೇತುಹಾಕಿ ಬಾಯಿಗೆ ತೆಳು ಬಟ್ಟೆ ಕಟ್ಟಿಡಿ. ನೀರು ಆರುತ್ತಾ ಬಂದ ಹಾಗೆ ಎಲ್ಲ ಕಡೆಯೂ ಬೆಳೆಯುತ್ತದೆ.

ಕೆಳಗಿನ ಕೈಗಳ ಕಥೆ: ನೀರಿನ ಮಧ್ಯೆಯೂ, ಮೇಲ್ಮೈಯಲ್ಲೂ ಸಣ್ಣ ಹರಳುಗಳು ಹುಟ್ಟಿ ಕೆಳಗೆ ಇಳಿಯುತ್ತವೆ, ದಾರಿಯಲ್ಲಿ ಸಿಕ್ಕ ಕೈಗಳ ಮೇಲೆ ಕೂತುಬಿಡುತ್ತವೆ. ನೀರನ್ನು ಮತ್ತೆ ಬಿಸಿ ಮಾಡಿ, ತಳದ ಹರಳನ್ನೂ ಕರಗಿಸಿ, ಉಗುರು ಬೆಚ್ಚಗಾದ ಮೇಲೆ ನಕ್ಷತ್ರವನ್ನು ತಲೆಕೆಳಗು ಮಾಡಿ ಇನ್ನೊಂದು ರಾತ್ರಿ ಬಿಡಿ, ಸರಿಹೋಗುತ್ತದೆ. ಆ ನೀರನ್ನು ಎಷ್ಟು ಸಲ ಬೇಕಾದರೂ ಹೀಗೆ ಬಳಸಬಹುದು, ಚೆಲ್ಲಬೇಡಿ.

ಬಣ್ಣವನ್ನು ನೀರಿಗೆ ಹಾಕಿದರೆ ಹೆಚ್ಚು ಪ್ರಯೋಜನ ಇಲ್ಲ. ಹರಳು ಬೆಳೆಯುವಾಗ ತನ್ನ ಸಾಲಿಗೆ ಹೊಂದದ ಅಣುಗಳನ್ನು ಹೊರಗೇ ಬಿಡುತ್ತದೆ, ನೀರು ನೀಲಿಯಾಗಿದ್ದರೂ ಹರಳು ಬೆಳ್ಳಗೇ ಬರುತ್ತದೆ. ನೀಲಿ ಉಲ್ಲನ್ ದಾರ ಸುತ್ತಿ ಮಾಡಿ, ಒಳಗಿನ ಬಣ್ಣ ಹರಳಿನ ಮೂಲಕ ಹೊರಗೆ ಕಾಣುತ್ತದೆ, ಅದೇ ಚೆಂದ.

ಒಯ್ಯುವ ಮುಂಚೆ ನಕ್ಷತ್ರವನ್ನು ಫ್ಯಾನಿನ ಗಾಳಿಯಲ್ಲಿ ಪೂರ್ತಿ ಒಣಗಿಸಿ. ಬಿಸಿಲಿಗೆ ಇಡಬೇಡಿ, ಹರಳಿನೊಳಗೆ ಇರುವ ನೀರು ಹೋಗಿ ಮಂಕಾಗುತ್ತದೆ. ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಹಚ್ಚಿದರೆ ಹೊಳಪು ಬಹಳ ದಿನ ನಿಲ್ಲುತ್ತದೆ, ಉದುರುವುದೂ ಕಮ್ಮಿ. ಪಾಲಿಶ್ ಹಚ್ಚುವಾಗ ಕಿಟಕಿ ತೆರೆದಿರಲಿ. ಆಮೇಲೆ ಅಗಲವಾದ ಡಬ್ಬಿಯಲ್ಲಿ ಮುಚ್ಚಳಕ್ಕೆ ದಾರ ಅಂಟಿಸಿ ತೂಗುಬಿಡಿ, ಸುತ್ತ ಮುದುಡಿದ ಕಾಗದ ತುಂಬಿ. ಡಬ್ಬಿ ಮೇಲೆ "ಇದು ಪಟಿಕ, ತಿನ್ನಬಾರದು" ಅಂತ ಅವಳ ಕೈಯಲ್ಲೇ ದೊಡ್ಡದಾಗಿ ಬರೆಸಿ. ಕ್ಲಾಸಿನಲ್ಲಿ ಯಾರಾದರೂ ಕಲ್ಲುಸಕ್ಕರೆ ಅಂದುಕೊಂಡು ಮುರಿದು ಬಾಯಿಗೆ ಹಾಕಿಕೊಳ್ಳದಿರಲಿ.